ಪಾಲಿಪ್ 8 ಮಿ.ಮೀ.ಯೋ 10 ಮಿ.ಮೀ.ಯೋ? ಕೊಲೊನೋಸ್ಕೋಪಿ ರಿಪೋರ್ಟಿನ ಆ ಒಂದು ಅಂಕಿಯ ಹಿಂದೆ ಏನುಂಟು

ಕೊಲೊನೋಸ್ಕೋಪಿ ಮುಗಿಸಿ ಹೊರಬರುವಾಗ ಕೈಗೆ ಒಂದು ರಿಪೋರ್ಟ್ ಕೊಡ್ತಾರೆ. ಕರುಳಿನ ಒಳಗಿನ ನಾಲ್ಕೈದು ಬಣ್ಣದ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹತ್ತು-ಹನ್ನೆರಡು ಸಾಲು. ಮನೆಯವರೆಲ್ಲ ಮೊದಲು ಹುಡುಕುವುದು ಕ್ಯಾನ್ಸರ್ ಎಂಬ ಪದವನ್ನು. ಅದು ಇಲ್ಲ ಎಂದು ಗೊತ್ತಾದ ಕೂಡಲೇ ಸಮಾಧಾನ. ರಿಪೋರ್ಟ್ ಕಪಾಟು ಸೇರುತ್ತದೆ, ಮತ್ತೆ ಯಾರೂ ಅದನ್ನು ತೆಗೆದು ನೋಡುವುದಿಲ್ಲ.

ಆ ಸಾಲುಗಳ ನಡುವೆ ಒಂದು ಕಡೆ ಹೀಗೆ ಬರೆದಿರಬಹುದು: ಇಂಥ ಜಾಗದಲ್ಲಿ 8 ಮಿ.ಮೀ.ನ ಒಂದು ಪಾಲಿಪ್ ಇತ್ತು, ತೆಗೆಯಲಾಗಿದೆ. ನಮ್ಮ ಕಣ್ಣು ದಾಟಿ ಹೋಗುವ ಸಾಲು ಇದು. ಆದರೆ ಮುಂದಿನ ತಪಾಸಣೆ ಮೂರು ವರ್ಷಕ್ಕೋ ಹತ್ತು ವರ್ಷಕ್ಕೋ, ಅದನ್ನು ಯಾವ ವಿಧಾನದಲ್ಲಿ ತೆಗೆಯಬೇಕು, ಮಕ್ಕಳು ಮತ್ತು ಒಡಹುಟ್ಟಿದವರು ಯಾವಾಗ ತಪಾಸಣೆ ಮಾಡಿಸಬೇಕು ಎಂಬುದೆಲ್ಲ ಬಹುಪಾಲು ಆ ಅಂಕಿಯ ಮೇಲೆ ನಿಂತಿದೆ. ಹಾಗಿದ್ದೂ ಅದನ್ನು ಎಷ್ಟೋ ಸಲ ಯಾರೂ ಅಳೆದಿರುವುದಿಲ್ಲ. ಡಾಕ್ಟರು ಸ್ಕ್ರೀನ್ ನೋಡಿ ಕಣ್ಣಂದಾಜಿನಲ್ಲಿ ಹೇಳಿದ್ದು, ಪಕ್ಕದಲ್ಲಿದ್ದವರು ಟೈಪ್ ಮಾಡಿದ್ದು. ಆ ಅಂದಾಜು ಹೇಗೆ ಮಾಡ್ತಾರೆ, ಎಲ್ಲಿ ತಪ್ಪುತ್ತದೆ, ತಪ್ಪಿದರೆ ನಮಗೆ ಆಗುವುದೇನು ಎಂಬುದು ಈ ಲೇಖನದ ವಿಷಯ.

ಪಾಲಿಪ್ ಅಂದರೆ ಎಂತದು?

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಪದರದ ಜೀವಕೋಶಗಳು ಒಂದು ಜಾಗದಲ್ಲಿ ಅಳತೆ ಮೀರಿ ಬೆಳೆದು ಉಬ್ಬಿಕೊಂಡರೆ ಅದು ಪಾಲಿಪ್. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ. ಕೆಲವು ಗುಳ್ಳೆಯ ಹಾಗೆ ಗೋಡೆಗೆ ಅಂಟಿಕೊಂಡಿರುತ್ತವೆ. ಇನ್ನು ಕೆಲವು ಕಾವಲಿಯ ಮೇಲೆ ಹೊಯ್ದ ದೋಸೆಯ ಹಾಗೆ ಚಪ್ಪಟೆಯಾಗಿ ಹರಡಿರುತ್ತವೆ. ಕಂಡುಹಿಡಿಯಲು ಕಷ್ಟವಾಗುವುದು ಇವು.

ಪಾಲಿಪ್ ಇದೆ ಎಂದ ಕೂಡಲೇ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಹೆಚ್ಚಿನ ಪಾಲಿಪ್‌ಗಳು ಯಾವತ್ತೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪಾಲಿಪ್ ಆಗಿಯೇ ಶುರುವಾಗುತ್ತವೆ. ಅಡಿನೋಮಾ ಎಂಬ ಜಾತಿ, ಮತ್ತು ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವ ಸೆರೇಟೆಡ್ ಎಂಬ ಜಾತಿ, ಈ ಎರಡರ ಮೇಲೆ ಡಾಕ್ಟರರ ಕಣ್ಣು. ಚಿಕ್ಕ ಅಡಿನೋಮಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಆ ಹತ್ತು ವರ್ಷವೇ ನಮಗೆ ಸಿಗುವ ಅವಕಾಶ. ಅಷ್ಟರೊಳಗೆ ಕಿತ್ತು ತೆಗೆದರೆ ಮುಂದೆ ಬರಬಹುದಾಗಿದ್ದ ಕ್ಯಾನ್ಸರನ್ನೇ ತಡೆದ ಹಾಗೆ.

ಗಾತ್ರಕ್ಕೆ ಯಾಕೆ ಇಷ್ಟು ಬೆಲೆ?

ಅರುವತ್ತರ ದಶಕದ ಕೊನೆಯವರೆಗೆ ದೊಡ್ಡಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಬೇಕಾದರೆ ಹೊಟ್ಟೆ ಕೊಯ್ಯಬೇಕಿತ್ತು. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಜಪಾನ್ ಮೂಲದ ಹಿರೋಮಿ ಶಿನ್ಯಾ ಅವರು ವಿಲಿಯಂ ವುಲ್ಫ್ ಜೊತೆ ಸೇರಿ, ಕೊಲೊನೋಸ್ಕೋಪಿನ ಒಳಗಿಂದಲೇ ತಂತಿಯ ಕುಣಿಕೆ ತೂರಿಸಿ ಪಾಲಿಪ್ ಕತ್ತರಿಸುವ ವಿಧಾನವನ್ನು 1969ರಲ್ಲಿ ಮಾಡಿ ತೋರಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದೇ ಕುಣಿಕೆಯ ಕೆಲಸ ನಡೆಯುತ್ತಿದೆ.

ಗಾತ್ರದ ಮಹತ್ವವನ್ನು ಅಂಕಿಗಳಲ್ಲಿ ತೋರಿಸಿದ್ದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ. ಮುಟೊ, ಬಸ್ಸಿ ಮತ್ತು ಬೇಸಿಲ್ ಮಾರ್ಸನ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1 ಸೆಂ.ಮೀ.ಗಿಂತ ಚಿಕ್ಕ ಅಡಿನೋಮಾಗಳಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಶೇ. 1.3ರಷ್ಟರಲ್ಲಿ. 1ರಿಂದ 2 ಸೆಂ.ಮೀ.ನವುಗಳಲ್ಲಿ ಅದು ಶೇ. 9.5. 2 ಸೆಂ.ಮೀ. ದಾಟಿದವುಗಳಲ್ಲಿ ಶೇ. 46. ಅದು ಕರುಳಿನ ಕಾಯಿಲೆಗೆಂದೇ ಇರುವ ಆಸ್ಪತ್ರೆಯ ಹಳೆಯ ಲೆಕ್ಕ. ಇವತ್ತು ಸಾಮಾನ್ಯ ತಪಾಸಣೆಯಲ್ಲಿ ಸಿಗುವ ಪಾಲಿಪ್‌ಗಳಲ್ಲಿ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ, ಹಾಗಾಗಿ ಈ ಅಂಕಿ ಓದಿ ಯಾರೂ ಹೆದರಬೇಕಾಗಿಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಅಪಾಯ ಏರುವ ರೀತಿ ಮಾತ್ರ ಇಂದಿಗೂ ಹಾಗೆಯೇ ಉಂಟು.

ಇನ್ನೊಂದು ಲೆಕ್ಕ ಅಮೆರಿಕದ ಮೇಯೊ ಕ್ಲಿನಿಕ್ಕಿನದ್ದು, 1987ರಲ್ಲಿ ಬಂದದ್ದು. ಕೊಲೊನೋಸ್ಕೋಪಿ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಎಕ್ಸ್‌ರೇಯಲ್ಲಿ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಕಂಡಿದ್ದು, ಅದನ್ನು ತೆಗೆಸದೆ ಉಳಿದ 226 ಮಂದಿಯ ದಾಖಲೆಗಳನ್ನು ಅವರು ತೆಗೆದು ನೋಡಿದರು. ಆ ಪಾಲಿಪ್ ಇದ್ದ ಜಾಗದಲ್ಲಿಯೇ ಕ್ಯಾನ್ಸರ್ ಬರುವ ಸಾಧ್ಯತೆ 5 ವರ್ಷಕ್ಕೆ ಶೇ. 2.5, 10 ವರ್ಷಕ್ಕೆ ಶೇ. 8, 20 ವರ್ಷಕ್ಕೆ ಶೇ. 24 ಎಂದು ಕಂಡುಬಂತು. 10 ಮಿ.ಮೀ. ಎಂಬ ಗೆರೆ ವೈದ್ಯರ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಇಂಥ ಲೆಕ್ಕಗಳಿಂದ.

ಶಾಲೆಯ ಗಣಿತವನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಿ. 5 ಮಿ.ಮೀ.ನ ಉಂಡೆಗೂ 10 ಮಿ.ಮೀ.ನ ಉಂಡೆಗೂ ಅಗಲದಲ್ಲಿ ಎರಡೇ ಪಟ್ಟು ವ್ಯತ್ಯಾಸ. ಒಳಗಿನ ಮಾಂಸದ ಲೆಕ್ಕ ಹಾಕಿದರೆ ಎಂಟು ಪಟ್ಟು. ಜೀವಕೋಶಗಳು ಅಷ್ಟು ಹೆಚ್ಚು, ಅವುಗಳಲ್ಲಿ ಒಂದು ದಾರಿ ತಪ್ಪುವ ಸಂಭವವೂ ಅಷ್ಟು ಹೆಚ್ಚು.

ಅಡುಗೆ ಮನೆಯ ಅಳತೆಯಲ್ಲಿ

ಡಾಕ್ಟರರು ಪಾಲಿಪ್‌ಗಳನ್ನು ಸಾಮಾನ್ಯವಾಗಿ ಹೀಗೆ ವಿಂಗಡಿಸ್ತಾರೆ: 5 ಮಿ.ಮೀ. ಮತ್ತು ಅದಕ್ಕಿಂತ ಕೆಳಗಿನದ್ದು ಅತಿ ಚಿಕ್ಕದು, 6ರಿಂದ 9 ಚಿಕ್ಕದು, 10 ಮತ್ತು ಮೇಲೆ ದೊಡ್ಡದು. ಚಪ್ಪಟೆ ಪಾಲಿಪ್‌ಗೆ 20 ಮಿ.ಮೀ. ಎಂಬ ಇನ್ನೊಂದು ಗೆರೆಯೂ ಉಂಟು. ಮಿ.ಮೀ. ಲೆಕ್ಕ ತಲೆಗೆ ಹೋಗದಿದ್ದರೆ ಅಡುಗೆ ಮನೆಗೆ ಬನ್ನಿ. ಒಂದು ಕರಿಮೆಣಸಿನ ಕಾಳು ಸುಮಾರು 5 ಮಿ.ಮೀ. ಕಡಲೆಕಾಳು ಅದಕ್ಕಿಂತ ಸ್ವಲ್ಪ ದೊಡ್ಡದು, ಆ 'ಚಿಕ್ಕದು' ಎಂಬ ಗುಂಪಿನಲ್ಲಿ ಬರುತ್ತದೆ. ಒಂದು ರೂಪಾಯಿಯ ನಾಣ್ಯದ ಅಗಲ 20ರಿಂದ 22 ಮಿ.ಮೀ. ಅಂದರೆ ಕರಿಮೆಣಸು, ಕಡಲೆ, ನಾಣ್ಯ. ಇಷ್ಟರೊಳಗೆ ನಡೆಯುವ ಕತೆ ಇದು. ಕಡಲೆಯಷ್ಟಿದ್ದದ್ದು ಒಂದೆರಡು ಮಿ.ಮೀ. ಹೆಚ್ಚಾದರೆ ಹಣೆಪಟ್ಟಿಯೇ ಬದಲಾಗುತ್ತದೆ.

ತೆಗೆಯುವ ವಿಧಾನವೂ ಗಾತ್ರದ ಹಿಂದೆಯೇ ಹೋಗುತ್ತದೆ. 10 ಮಿ.ಮೀ.ಗಿಂತ ಚಿಕ್ಕದಾದರೆ ಕರೆಂಟ್ ಕೊಡದೆ ಬರೇ ತಂತಿಯ ಕುಣಿಕೆಯಲ್ಲಿ ಹಿಂಡಿ ಕತ್ತರಿಸುವುದು ಇಂದಿನ ಪದ್ಧತಿ. ದೊಡ್ಡದಾದಾಗ ಸಾಮಾನ್ಯವಾಗಿ ಕರೆಂಟ್ ಹಾಯಿಸಿ ಸುಟ್ಟು ಕತ್ತರಿಸ್ತಾರೆ, ಅಡಿಯಲ್ಲಿ ದ್ರವ ಚುಚ್ಚಿ ಉಬ್ಬಿಸಿ ತೆಗೆಯುವುದೂ ಉಂಟು. ಹರಡಿಕೊಂಡ ದೊಡ್ಡ ಪಾಲಿಪ್ ಆದರೆ ಅದರಲ್ಲೇ ಪಳಗಿದ ಡಾಕ್ಟರು ಬೇಕು, ಇನ್ನೊಂದು ದಿನಕ್ಕೆ ಕರೆಯಲೂಬಹುದು. ರಕ್ತಸ್ರಾವದ ಅಪಾಯವೂ ಗಾತ್ರದ ಜೊತೆ ಏರುತ್ತದೆ. ಸುಟ್ಟು ತೆಗೆದ ಕಡೆ ಒಂದೆರಡು ವಾರ ಕಳೆದ ಮೇಲೂ ರಕ್ತ ಬರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಇದ್ದಾರೆ. ಅವರು ಅದನ್ನು ಮೊದಲೇ ಹೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಿ ಬರುವುದು ಇನ್ನೂ ಅಪಾಯ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು.

ಕಣ್ಣು ಎಲ್ಲಿ ಮೋಸ ಹೋಗುತ್ತದೆ

ಮೀನು ಹಿಡಿಯಲು ಹೋದ ಹುಡುಗರು ವಾಟ್ಸಾಪಿನಲ್ಲಿ ಹಾಕುವ ಫೋಟೋ ನೋಡಿದ್ದೀರಲ್ಲ? ಮೀನನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾದ ಹತ್ತಿರಕ್ಕೆ ಚಾಚಿರ್ತಾರೆ. ಮೀನು ಆಳೆತ್ತರ ಕಾಣುತ್ತದೆ. ಮನೆಗೆ ತಂದ ಮೇಲೆ ನೋಡಿದರೆ ಒಂದು ಸಾರಿಗೆ ಸಾಕಾಗುವಷ್ಟು. ಕೊಲೊನೋಸ್ಕೋಪಿನಲ್ಲಿ ಆಗುವುದೂ ಇದೇ. ತುದಿಯಲ್ಲಿರುವ ಕ್ಯಾಮೆರಾ ಪಾಲಿಪ್‌ನ ಹತ್ತಿರ ಹೋದರೆ ಅದು ಸ್ಕ್ರೀನ್ ತುಂಬುತ್ತದೆ, ಸ್ವಲ್ಪ ಹಿಂದೆ ಸರಿದರೆ ಕಾಳಿನಷ್ಟಾಗುತ್ತದೆ. ಎರಡು ಕಣ್ಣಿಂದ ನೋಡುವಾಗ ನಮಗೆ ದೂರ ಎಷ್ಟು ಅಂತ ತಿಳಿಯುತ್ತದೆ. ಸ್ಕೋಪಿಗೆ ಇರುವುದು ಒಂದೇ ಕಣ್ಣು, ಸ್ಕ್ರೀನೂ ಚಪ್ಪಟೆ. ದೂರದ ಲೆಕ್ಕ ಅಲ್ಲಿ ತಪ್ಪಿಹೋಗುತ್ತದೆ.

ಸಾಲದ್ದಕ್ಕೆ ಆ ಲೆನ್ಸ್ ಸಾಮಾನ್ಯ ಲೆನ್ಸ್ ಅಲ್ಲ. ಕರುಳಿನ ಮಡಿಕೆಗಳ ಸಂದುಗೊಂದು ಎಲ್ಲ ಕಾಣಬೇಕು ಎಂಬ ಕಾರಣಕ್ಕೆ 140ರಿಂದ 170 ಡಿಗ್ರಿಯಷ್ಟು ಅಗಲಕ್ಕೆ ನೋಡುವ ಲೆನ್ಸ್ ಹಾಕಿರ್ತಾರೆ. ಫ್ಲಾಟಿನ ಬಾಗಿಲಿನಲ್ಲಿರುವ ಇಣುಕು ಕಿಂಡಿಯಲ್ಲಿ ನೋಡಿದರೆ ಎದುರು ನಿಂತವರ ಮೂಗು ದೊಡ್ಡದಾಗಿ, ಬದಿಯ ಗೋಡೆಗಳು ಬಾಗಿ ಕಾಣುವುದಿಲ್ಲವೇ, ಹಾಗೆ. ಚಿತ್ರದ ನಡುವೆ ಇದ್ದದ್ದು ದೊಡ್ಡದಾಗಿ, ಅಂಚಿನಲ್ಲಿದ್ದದ್ದು ಕುಗ್ಗಿ ಕಾಣುತ್ತದೆ. ಒಂದೇ ಪಾಲಿಪ್ ಸ್ಕ್ರೀನಿನ ಎರಡು ಕಡೆ ಎರಡು ಗಾತ್ರ.

ಕರುಳಿಗೆ ಎಷ್ಟು ಗಾಳಿ ತುಂಬಿಸಿದ್ದಾರೆ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಬಲೂನಿನ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟು ಊದಿದರೆ ಚುಕ್ಕೆಯೂ ಹಿಗ್ಗುವ ಹಾಗೆ, ಚಪ್ಪಟೆ ಪಾಲಿಪ್ ಹಿಗ್ಗಿ ತೆಳುವಾಗುತ್ತದೆ. ಸೆರೇಟೆಡ್ ಜಾತಿಯದ್ದಾದರೆ ಮೇಲೆ ಲೋಳೆಯ ಪೊರೆ ಬೇರೆ. ಅಂಚು ಎಲ್ಲಿ ಮುಗಿಯಿತು, ಒಳ್ಳೆಯ ಚರ್ಮ ಎಲ್ಲಿ ಶುರುವಾಯಿತು ಎಂದು ಅನುಭವಿಗಳಿಗೂ ಗೊತ್ತಾಗುವುದಿಲ್ಲ. ಅಂಚೇ ಕಾಣದ್ದನ್ನು ಅಳೆಯುವುದು ಹೇಗೆ?

ಇಷ್ಟೆಲ್ಲ ಯಂತ್ರದ ತಕರಾರು. ಮನುಷ್ಯನ ತಕರಾರು ಇನ್ನೊಂದು ಉಂಟು. ನಾವು ಅಂದಾಜು ಹೇಳುವಾಗ ದುಂಡಗಿನ ಅಂಕಿ ಹಿಡಿಯುತ್ತೇವೆ. ಮದುವೆಗೆ ಎಷ್ಟು ಜನ ಬಂದಿದ್ದರು ಎಂದರೆ 'ಐನೂರು' ಅಂತೇವೆ, 'ನಾನೂರ ಎಪ್ಪತ್ತಮೂರು' ಅನ್ನುವವರು ಯಾರೂ ಇಲ್ಲ. ಬೇರೆ ಬೇರೆ ದೇಶಗಳಲ್ಲಿ ಕೊಲೊನೋಸ್ಕೋಪಿ ರಿಪೋರ್ಟುಗಳನ್ನು ಒಟ್ಟು ಹಾಕಿ ನೋಡಿದವರಿಗೂ ಕಂಡದ್ದು ಅದೇ: 5, 10, 15, 20 ಎಂಬಲ್ಲಿ ಪಾಲಿಪ್‌ಗಳ ರಾಶಿ, 9, 11, 14 ಎಂಬಲ್ಲಿ ಬಹಳ ಕಡಿಮೆ. ಕರುಳಿಗೆ ಐದರ ಮಗ್ಗಿ ಗೊತ್ತಿಲ್ಲ. ಅದು ನಮ್ಮ ಬಾಯಿಯ ಅಭ್ಯಾಸ. ಬೇರೆಲ್ಲಿಯಾದರೆ ತೊಂದರೆ ಇರಲಿಲ್ಲ, ಆದರೆ ಚಿಕಿತ್ಸೆಯ ಗೆರೆಗಳನ್ನು ಎಳೆದಿರುವುದೂ ಸರಿಯಾಗಿ ಅದೇ ಅಂಕಿಗಳ ಮೇಲೆ! 8 ಇದ್ದದ್ದನ್ನು 10 ಎಂದು ಬರೆದರೂ, 11 ಇದ್ದದ್ದನ್ನು 'ಹತ್ತರ ಒಳಗೆ' ಎಂದು ಬರೆದರೂ ರೋಗಿ ಗೆರೆಯ ಇನ್ನೊಂದು ಬದಿಗೆ ಬೀಳುತ್ತಾನೆ.

ಡಾಕ್ಟರರನ್ನು ದೂರುವ ಮಾತಲ್ಲ ಇದು. ಎಷ್ಟೋ ವರ್ಷ ಕೆಲಸ ಮಾಡಿದವರೂ ಇದರಲ್ಲಿ ಎಡವುತ್ತಾರೆ. ಒಂದೇ ಪಾಲಿಪ್‌ನ ವಿಡಿಯೋವನ್ನು ಇಬ್ಬರಿಗೆ ತೋರಿಸಿದರೆ ಎರಡು ಉತ್ತರ ಬರುವುದು ಮಾಮೂಲು.

ಪಕ್ಕದಲ್ಲಿ ಒಂದು ಅಳತೆ ಇಟ್ಟರೆ

ಆನ್‌ಲೈನಿನಲ್ಲಿ ಹಳೆ ಸಾಮಾನು ಮಾರುವವರು ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯವನ್ನೋ ಪೆನ್ನನ್ನೋ ಇಡ್ತಾರೆ. ಕರುಳಿನೊಳಗೂ ಅದೇ ಉಪಾಯ. ಸ್ಕೋಪಿನ ಒಳಗಿನ ಸಣ್ಣ ದಾರಿಯಲ್ಲಿ ಉಪಕರಣ ತೂರಿಸಿ, ಗಾತ್ರ ಗೊತ್ತಿರುವ ಆ ಉಪಕರಣವನ್ನು ಪಾಲಿಪ್‌ನ ಪಕ್ಕಕ್ಕೆ ಹಿಡಿದು ಹೋಲಿಸುವುದು.

ಮಾಂಸದ ಚೂರು ತೆಗೆಯುವ ಇಕ್ಕಳಕ್ಕೆ ಬಯಾಪ್ಸಿ ಫೋರ್ಸೆಪ್ಸ್ ಎನ್ನುತ್ತಾರೆ. ಪೂರ್ತಿ ಬಾಯಿ ತೆರೆದಾಗ ಅದರ ಅಗಲ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಮುಚ್ಚಿದಾಗ ಎರಡೂವರೆಯ ಆಸುಪಾಸು. ಈ ಎರಡೂವರೆಗೆ ಒಂದು ಸ್ವಾರಸ್ಯದ ಇತಿಹಾಸ ಉಂಟು. 2002ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ತಜ್ಞರು ಪಾಲಿಪ್‌ಗಳ ಆಕಾರಕ್ಕೆ ಹೆಸರಿಡುವಾಗ, ಯಾವುದು ಉಬ್ಬಿದ್ದು, ಯಾವುದು ಚಪ್ಪಟೆ ಎಂದು ತೀರ್ಮಾನಿಸಲು ಇಟ್ಟುಕೊಂಡ ಅಳತೆಗೋಲು ಇದೇ ಮುಚ್ಚಿದ ಇಕ್ಕಳ. ಅದಕ್ಕಿಂತ ಎತ್ತರ ಇದ್ದರೆ ಉಬ್ಬಿದ್ದು, ಕೆಳಗಿದ್ದರೆ ಚಪ್ಪಟೆ. ಇವತ್ತಿಗೂ ರಿಪೋರ್ಟಿನಲ್ಲಿ 'ಪ್ಯಾರಿಸ್' ಎಂಬ ಪದ ಕಂಡರೆ ಅದು ಆ ಸಭೆಯ ಪಟ್ಟಿ. ಪೇಷೆಂಟ್ ಫ್ರಾನ್ಸಿಗೆ ಹೋಗಬೇಕು ಅಂತ ಅಲ್ಲ!

ಇಕ್ಕಳಕ್ಕಿಂತ ದೊಡ್ಡ ಪಾಲಿಪ್‌ಗೆ ಕುಣಿಕೆ ಒಳ್ಳೆಯದು. 10, 15, 20, 25 ಮಿ.ಮೀ. ಹೀಗೆ ಬೇರೆ ಬೇರೆ ಅಗಲದ ಕುಣಿಕೆಗಳು ಸಿಗುತ್ತವೆ, ಪ್ಯಾಕೆಟಿನ ಮೇಲೆಯೇ ಬರೆದಿರುತ್ತದೆ. 10 ಮಿ.ಮೀ.ನ ಕುಣಿಕೆಯನ್ನು ಪೂರ್ತಿ ಬಿಚ್ಚಿ ಹಿಡಿದಾಗ ಪಾಲಿಪ್ ಅದರೊಳಗೆ ಸಲೀಸಾಗಿ ಕೂತರೆ ಒಂದು ಉತ್ತರ, ಅಂಚು ಹೊರಗೆ ಉಳಿದರೆ ಇನ್ನೊಂದು. ಹೇಗೂ ಕತ್ತರಿಸಲು ಕುಣಿಕೆ ಒಳಗೆ ಹೋಗಲೇಬೇಕು. ಹಾಗಾಗಿ ಈ ಅಳತೆಗೆ ಬೇರೆ ಖರ್ಚು ಇಲ್ಲ, ಅರ್ಧ ನಿಮಿಷದ ಕೆಲಸ.

ಆದರೆ ಇದಕ್ಕೂ ಶಿಸ್ತು ಬೇಕು. ಉಪಕರಣ ಮತ್ತು ಪಾಲಿಪ್ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಇಕ್ಕಳ ಮುಂದಕ್ಕಿದ್ದು ಪಾಲಿಪ್ ಹಿಂದಕ್ಕಿದ್ದರೆ ಮತ್ತೆ ಮೀನಿನ ಫೋಟೋದ ಕತೆ. ಪಾಲಿಪ್ ಸ್ಕ್ರೀನಿನ ನಡುವಿಗೆ ಬರಬೇಕು. ಇಕ್ಕಳದ ಬಾಯಿ, ಕುಣಿಕೆಯ ಅಗಲ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕೈಯಲ್ಲಿರುವುದು ಎಷ್ಟರದ್ದು ಅಂತ ಗೊತ್ತಿರಬೇಕು. ಅಡಿಗೆ ದ್ರವ ಚುಚ್ಚಿ ಉಬ್ಬಿಸುವ ಮುಂಚೆಯೇ ನೋಡಿಕೊಳ್ಳಬೇಕು. ತೊಟ್ಟಿರುವ ಪಾಲಿಪ್ ಆದರೆ ಅಣಬೆಯ ಕೊಡೆಯನ್ನು ಮಾತ್ರ ಅಳೆಯಬೇಕು, ತೊಟ್ಟನ್ನು ಸೇರಿಸಬಾರದು. ಮತ್ತು ಆ ಹೋಲಿಕೆಯ ಫೋಟೋ ತೆಗೆದು ರಿಪೋರ್ಟಿಗೆ ಸೇರಿಸಿದರೆ ಬೇರೆ ಡಾಕ್ಟರಿಗೂ ಸಾಕ್ಷಿ ಸಿಕ್ಕಿತು. ಅಮೆರಿಕದ ಮೂರು ತಜ್ಞ ಸಂಘಟನೆಗಳ ಜಂಟಿ ಕಾರ್ಯಪಡೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಪಾಲಿಪ್‌ನ ಜಾಗ, ಆಕಾರ, ಮಿ.ಮೀ.ನಲ್ಲಿ ಗಾತ್ರ ಇವಿಷ್ಟನ್ನೂ ಬರೆಯಬೇಕು, 10 ಮಿ.ಮೀ. ಮತ್ತು ಮೇಲಿನದ್ದಕ್ಕೆ ತೆಗೆಯುವ ಮುಂಚೆಯೇ ಫೋಟೋ ಬೇಕು ಎಂದಿದೆ. 'ಸಣ್ಣ ಪಾಲಿಪ್', 'ದೊಡ್ಡ ಪಾಲಿಪ್' ಎಂದಷ್ಟೇ ಬರೆದ ರಿಪೋರ್ಟ್ ಅರ್ಧ ರಿಪೋರ್ಟ್ ಎಂದೇ ನನ್ನ ಅಭಿಪ್ರಾಯ.

ಹೊಸ ಯಂತ್ರಗಳೂ ಬಂದಿವೆ. ಫ್ಯೂಜಿಫಿಲ್ಮ್ ಕಂಪನಿಯ 'ಸ್ಕೇಲ್ ಐ' ಎಂಬ ವ್ಯವಸ್ಥೆಯಲ್ಲಿ ಸ್ಕೋಪಿನ ತುದಿಯಿಂದ ಲೇಸರ್ ಚುಕ್ಕೆಯೊಂದು ಗೋಡೆಯ ಮೇಲೆ ಬೀಳುತ್ತದೆ. ಚುಕ್ಕೆ ಬಿದ್ದ ಜಾಗದಿಂದ ದೂರ ಲೆಕ್ಕ ಹಾಕಿ ಸ್ಕ್ರೀನಿನ ಮೇಲೆ ಒಂದು ಅಳತೆಪಟ್ಟಿ ಮೂಡುತ್ತದೆ. ಪಾಲಿಪ್ ಇರುವ ಜಾಗವನ್ನು ಎಐ ಮೂಲಕ ಗುರುತಿಸಿ ತೋರಿಸುವ ಯಂತ್ರಗಳೂ ಬಳಕೆಯಲ್ಲಿವೆ. ಆದರೆ ಇವು ಇಲ್ಲದ ಆಸ್ಪತ್ರೆಯಲ್ಲಿ ಸರಿಯಾದ ಅಳತೆ ಆಗುವುದಿಲ್ಲ ಅಂತ ತಿಳಿಯಬೇಡಿ. ಕುಣಿಕೆ ಪಕ್ಕಕ್ಕೆ ಹಿಡಿದು ನೋಡುವ ತಾಳ್ಮೆ ಇದ್ದರೆ ಬಹಳಷ್ಟು ಕೆಲಸ ಆದ ಹಾಗೆಯೇ.

ಲ್ಯಾಬಿನ ಅಂಕಿ ಬೇರೆ ಬಂದರೆ

ತೆಗೆದ ಪಾಲಿಪ್ ಫಾರ್ಮಲಿನ್ ಬಾಟಲಿಯಲ್ಲಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿಯೂ ಸ್ಕೇಲ್ ಹಿಡಿದು ಅಳೆಯುತ್ತಾರೆ. ಕೊಲೊನೋಸ್ಕೋಪಿಯಲ್ಲಿ 12 ಮಿ.ಮೀ. ಎಂದಿದ್ದದ್ದು ಬಯಾಪ್ಸಿ ರಿಪೋರ್ಟಿನಲ್ಲಿ 9 ಎಂದು ಬರಬಹುದು. ಮನೆಯವರಿಗೆ ಗಲಿಬಿಲಿ: ಯಾರು ಸುಳ್ಳು ಹೇಳಿದ್ದು?

ಯಾರೂ ಹೇಳಿಲ್ಲ. ಕತ್ತರಿಸಿದ ಮಾಂಸ ರಕ್ತ ಇಳಿದು, ದ್ರವದಲ್ಲಿ ನೆನೆದು ಕುಗ್ಗುತ್ತದೆ. ಕರೆಂಟಿನಲ್ಲಿ ಸುಟ್ಟ ಅಂಚು ಮುದುಡುತ್ತದೆ. ಸ್ಕೋಪಿನ ಸಣ್ಣ ದಾರಿಯಲ್ಲಿ ಎಳೆದುಕೊಳ್ಳುವಾಗ ತುಂಡಾಗುವುದೂ ಉಂಟು. ಉಲ್ಟಾ ಆಗುವ ಸಂದರ್ಭವೂ ಇದೆ: ಕುಣಿಕೆಯಲ್ಲಿ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿಯೇ ಕತ್ತರಿಸುವುದರಿಂದ ಲ್ಯಾಬಿನ ಅಳತೆ ಹೆಚ್ಚಾಗಿ ಬರಬಹುದು. ಇಡಿಯಾಗಿ ಬಂದ ಪಾಲಿಪ್ ಆದರೆ ಲ್ಯಾಬಿನ ಅಂಕಿಗೆ ತೂಕ ಉಂಟು. ನಾಲ್ಕು ಚೂರಾಗಿ ಬಂದಿದ್ದರೆ ಗಾತ್ರದ ಮಟ್ಟಿಗೆ ಆ ಅಂಕಿ ಉಪಯೋಗಕ್ಕಿಲ್ಲ. ಲ್ಯಾಬು ಮಾತ್ರ ಹೇಳಬಲ್ಲದ್ದು ಬೇರೆ ಇದೆ, ಅದು ಪಾಲಿಪ್‌ನ ಜಾತಿ ಮತ್ತು ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬುದು. ಹಾಗಾಗಿ ಎರಡೂ ರಿಪೋರ್ಟ್ ಒಟ್ಟಿಗೆ ಇಟ್ಟುಕೊಂಡೇ ಡಾಕ್ಟರು ಮುಂದಿನ ದಿನ ಗೊತ್ತು ಮಾಡಬೇಕು. ಕೊಲೊನೋಸ್ಕೋಪಿ ದಿನವೇ ಮನೆಗೆ ಬಂದು, ಬಯಾಪ್ಸಿ ರಿಪೋರ್ಟ್ ತರಲು ಹೋಗದೇ ಬಿಡುವವರು ಇದ್ದಾರೆ. ಅದು ಪರೀಕ್ಷೆ ಬರೆದು ರಿಸಲ್ಟ್ ನೋಡದ ಹಾಗೆ.

9 ಮತ್ತು 10ರ ನಡುವೆ ಎಷ್ಟು ವರ್ಷ?

ಕಡೆಗೂ ನಮಗೆ ತಟ್ಟುವುದು ಇಲ್ಲಿ. ಅಮೆರಿಕದ ಅದೇ ಕಾರ್ಯಪಡೆಯ 2020ರ ಸಲಹೆ ಪ್ರಕಾರ, 10 ಮಿ.ಮೀ.ಗಿಂತ ಚಿಕ್ಕ ಸಾಮಾನ್ಯ ಅಡಿನೋಮಾ ಒಂದೆರಡು ಇದ್ದು ಪೂರ್ತಿ ತೆಗೆದಿದ್ದರೆ ಮುಂದಿನ ಕೊಲೊನೋಸ್ಕೋಪಿ 7ರಿಂದ 10 ವರ್ಷಕ್ಕೆ. ಮೂರು-ನಾಲ್ಕು ಇದ್ದರೆ 3ರಿಂದ 5 ವರ್ಷಕ್ಕೆ. ಒಂದೇ ಒಂದು ಇದ್ದು ಅದು 10 ಮಿ.ಮೀ. ಅಥವಾ ಮೇಲೆ ಆದರೆ 3 ವರ್ಷಕ್ಕೆ. 20 ಮಿ.ಮೀ. ಅಥವಾ ದೊಡ್ಡದನ್ನು ಚೂರು ಚೂರಾಗಿ ತೆಗೆದಿದ್ದರೆ ಆರೇ ತಿಂಗಳಿಗೆ ಆ ಜಾಗ ಮತ್ತೆ ನೋಡಬೇಕು. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ ಅದೇ ವರ್ಷ ಕೊಟ್ಟ ಸಲಹೆ ಇನ್ನೂ ನೇರ: 10 ಮಿ.ಮೀ.ಗಿಂತ ಚಿಕ್ಕ, ಜೀವಕೋಶ ಹೆಚ್ಚು ಕೆಡದ ಅಡಿನೋಮಾ ನಾಲ್ಕರವರೆಗೆ ಇದ್ದರೂ ವಿಶೇಷ ಫಾಲೋಅಪ್ ಬೇಡ, ಎಲ್ಲರ ಹಾಗೆ ಸಾಮಾನ್ಯ ತಪಾಸಣೆ ಸಾಕು; 10 ಮಿ.ಮೀ. ಮುಟ್ಟಿದರೆ 3 ವರ್ಷ. ಎರಡೂ ಕಡೆ ತಕ್ಕಡಿ ವಾಲುವುದು ಅದೇ ಹತ್ತರಲ್ಲಿ.

ಉಪ್ಪಳದ ಒಬ್ಬರು ದುಬೈಯಲ್ಲಿ ಕೆಲಸದಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅವರ 8 ಮಿ.ಮೀ. ಪಾಲಿಪ್ ಅಂದಾಜಿನಲ್ಲಿ 10 ಆಯಿತು. ಮೂರು ವರ್ಷಕ್ಕೊಮ್ಮೆ ರಜೆ ಹಾಕಿ, ಎರಡು-ಮೂರು ಲೀಟರ್ ಔಷಧಿ ನೀರು ಕುಡಿದು, ರಾತ್ರಿಯಿಡೀ ಬಾತ್‌ರೂಮಿಗೆ ಓಡಿ, ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಮಾಡಿಸಬೇಕು, ಖರ್ಚು ಬೇರೆ. ಇದು ಬೇಡದ ತೊಂದರೆ, ಆದರೆ ಜೀವಕ್ಕೆ ಅಪಾಯ ಇಲ್ಲ. ಅವರ ಪಕ್ಕದ ಮನೆಯವರದ್ದು 12 ಮಿ.ಮೀ. ಇದ್ದು 9 ಎಂದು ಬರೆದರೆ? ಮೂರು ವರ್ಷಕ್ಕೆ ನೋಡಬೇಕಾದದ್ದನ್ನು ಏಳೆಂಟು ವರ್ಷ ಬಿಟ್ಟ ಹಾಗಾಯಿತು. ಎರಡು ತಪ್ಪಿನ ಬೆಲೆ ಒಂದೇ ಅಲ್ಲ.

ಹೊಟ್ಟೆ ಎಷ್ಟು ಸ್ವಚ್ಛವಾಗಿತ್ತು ಎಂಬುದಕ್ಕೂ ಗಾತ್ರವೇ ಮಾನದಂಡ. 5 ಮಿ.ಮೀ.ಗಿಂತ ದೊಡ್ಡ ಪಾಲಿಪ್ ಇದ್ದರೆ ಕಾಣುವಷ್ಟು ಕರುಳು ಖಾಲಿಯಾಗಿರಬೇಕು. ಆಗಿಲ್ಲದಿದ್ದರೆ ಮೇಲೆ ಹೇಳಿದ ವರ್ಷಗಳ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ, ಒಂದು ವರ್ಷದೊಳಗೆ ಮತ್ತೆ ಮಾಡಿಸಬೇಕಾದೀತು. ಔಷಧಿಯ ಕೊನೆಯ ಗ್ಲಾಸನ್ನು ರುಚಿ ಸರಿಯಿಲ್ಲ ಅಂತ ಸಿಂಕಿಗೆ ಚೆಲ್ಲುವವರಿಗೆ ಇದನ್ನು ಹೇಳಿ.

'ಪೈಲ್ಸ್ ಇರಬೇಕು' ಎಂಬ ಮಾತು

ಅಳತೆಯ ಪ್ರಶ್ನೆ ಬರುವುದು ಸ್ಕೋಪ್ ಒಳಗೆ ಹೋದ ಮೇಲೆ. ಎಷ್ಟೋ ಮಂದಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲ ತೀರ್ಪು ಪೈಲ್ಸ್. ಕೋಳಿ ತಿಂದು ಉಷ್ಣ ಆಯಿತು ಅಂತಾರೆ, ಗಲ್ಫಿನ ಸೆಕೆ ಅಂತಾರೆ, ಯಾರೋ ಕೊಟ್ಟ ಲೇಪ ಹಚ್ಚುತ್ತಾರೆ. ನಾಚಿಕೆಯಿಂದ ಹೆಂಗಸರು ಹೇಳುವುದೇ ಇಲ್ಲ. ಹೆಚ್ಚಿನ ಸಲ ಅದು ಪೈಲ್ಸೇ ಇರಬಹುದು. ಆದರೆ ಪೈಲ್ಸ್ ಇರುವವರಿಗೆ ಪಾಲಿಪ್ ಇರಬಾರದು ಅಂತ ಕಾನೂನು ಇಲ್ಲ. ರಕ್ತ ಬರ್ತಾ ಇದ್ದರೆ, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿದ್ದರೆ, ಕಾರಣ ಗೊತ್ತಿಲ್ಲದೆ ರಕ್ತಹೀನತೆ ಅಥವಾ ತೂಕ ಇಳಿಕೆ ಇದ್ದರೆ, ವಯಸ್ಸು ಮೂವತ್ತೇ ಆಗಿರಲಿ, ಒಮ್ಮೆ ಡಾಕ್ಟರಿಗೆ ತೋರಿಸಬೇಕು.

ಅಮೆರಿಕದಲ್ಲಿ ಯಾವ ತೊಂದರೆ ಇಲ್ಲದವರಿಗೂ 45ರಿಂದ ತಪಾಸಣೆ ಶುರು ಮಾಡಬೇಕು ಎಂದು 2021ರಲ್ಲಿ ಸಲಹೆ ಬಂತು, ಮೊದಲು ಅದು 50 ಇತ್ತು. ನಮ್ಮ ದೇಶದಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಪ್ರಮಾಣ ಅಲ್ಲಿಗಿಂತ ಕಡಿಮೆ, ಸರಕಾರದ ಕ್ಯಾನ್ಸರ್ ತಪಾಸಣೆಯ ಪಟ್ಟಿಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದ್ದು ಇಲ್ಲ. ಹಾಗಾಗಿ ಮನೆಗೆ ಕಾಗದ ಕಳಿಸಿ ಯಾರೂ ಕರೆಯುವುದಿಲ್ಲ. ನಾವೇ ಹೋಗಬೇಕು.

ಕೇಳಬೇಕಾದ ಮಾತು, ಮನೆಯವರಿಗೆ ಹೇಳಬೇಕಾದ ಮಾತು

ಮತ್ತು ಇಳಿಯುವ ಮುಂಚೆ ಪೇಷೆಂಟಿಗೆ ಏನೂ ನೆನಪಿರುವುದಿಲ್ಲ. ಕೇಳಬೇಕಾದವರು ಜೊತೆಗೆ ಹೋದ ಮಗನೋ ಮಗಳೋ. "ಡಾಕ್ಟ್ರೇ, ಉಪ್ಪನಿಗೆ ಪಾಲಿಪ್ ಎಷ್ಟು ಇತ್ತು, ದೊಡ್ಡದು ಎಷ್ಟು ಮಿಲಿಮೀಟರ್? ಕುಣಿಕೆ ಹಿಡಿದು ಹೋಲಿಸಿ ನೋಡಿದ್ದಾ, ಅಂದಾಜಿನದ್ದಾ? ಪೂರ್ತಿ ತೆಗೆದಾಯಿತಾ, ಇಡಿಯಾಗಿ ಬಂತಾ, ಚೂರಾಗಿ ಬಂತಾ? ಹೊಟ್ಟೆ ಕ್ಲೀನ್ ಇತ್ತಾ? ಮುಂದಿನದ್ದು ಯಾವಾಗ?" ಇಷ್ಟು ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡುವುದಿಲ್ಲ. ಉತ್ತರ 9 ಅಥವಾ 10 ಎಂದು ಗೆರೆಯ ಮೇಲೆಯೇ ಬಂದರೆ ಫೋಟೋ ತೋರಿಸಲು ಕೇಳಿ, ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಇನ್ನೊಮ್ಮೆ ವಿಚಾರಿಸಿ. ಎರಡೂ ರಿಪೋರ್ಟಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಒಮ್ಮೆ ಅಬುಧಾಬಿಯಲ್ಲಿ, ಇನ್ನೊಮ್ಮೆ ಮಂಗಳೂರಿನಲ್ಲಿ, ಮತ್ತೊಮ್ಮೆ ಕಣ್ಣೂರಿನಲ್ಲಿ ತೋರಿಸುವ ನಮ್ಮಂಥವರಿಗೆ ಹಳೆಯ ಅಂಕಿ ಕೈಯಲ್ಲಿಲ್ಲದಿದ್ದರೆ ಹೊಸ ಡಾಕ್ಟರು ಮೊದಲಿಂದ ಊಹೆ ಮಾಡಬೇಕಾಗುತ್ತದೆ.

ಉಪ್ಪನ ಕರುಳಿನ ವಿಷಯ ಮಕ್ಕಳಿಗೆ ಯಾಕೆ ಎಂದು ಮನೆಯಲ್ಲಿ ಮುಚ್ಚಿಡುವುದುಂಟು. ಅಡಿನೋಮಾ 10 ಮಿ.ಮೀ. ಅಥವಾ ಹೆಚ್ಚು ಎಂದು ದಾಖಲಾದರೆ ಅದಕ್ಕೆ 'ಮುಂದುವರಿದ ಅಡಿನೋಮಾ' ಎಂಬ ಹೆಸರು ಬರುತ್ತದೆ. ಅಮೆರಿಕದ ತಜ್ಞರ ಸಲಹೆಯಲ್ಲಿ, ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳಲ್ಲಿ ಒಬ್ಬರಿಗೆ 60 ತುಂಬುವ ಮುಂಚೆ ದೊಡ್ಡಕರುಳಿನ ಕ್ಯಾನ್ಸರ್ ಅಥವಾ ಇಂಥ ಅಡಿನೋಮಾ ಕಂಡಿದ್ದರೆ, ಉಳಿದವರು 40ಕ್ಕೆ ಅಥವಾ ಅವರಿಗೆ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗ ಬರುತ್ತದೋ ಆಗ, ಕೊಲೊನೋಸ್ಕೋಪಿ ಶುರು ಮಾಡಬೇಕು, ಮತ್ತೆ ಐದು ವರ್ಷಕ್ಕೊಮ್ಮೆ. ಉಪ್ಪನಿಗೆ 46ರಲ್ಲಿ 12 ಮಿ.ಮೀ.ನದ್ದು ಸಿಕ್ಕಿದ್ದರೆ ಮಕ್ಕಳ ಲೆಕ್ಕ 36ಕ್ಕೆ. ಅದೇ ಪಾಲಿಪ್‌ಗೆ ರಿಪೋರ್ಟಿನಲ್ಲಿ 9 ಎಂದು ಬರೆದಿದ್ದರೆ ಆ ಮಕ್ಕಳನ್ನು ಯಾರೂ ಕರೆಯುವುದಿಲ್ಲ.